ಮ್ಯಾಕ್‌ಬೆತ್ ಓದಲು ಯಾವ ಪುಸ್ತಕ? ನಾಲ್ಕನ್ನು ಓದಿಸಿ ನೋಡಿದ ಮೇಲೆ

ನಮ್ಮ ಕಾಸರಗೋಡಿನ ಕನ್ನಡ ಮಕ್ಕಳ ಕಷ್ಟ ಬೇರೆಯೇ. ಶಾಲೆಯಲ್ಲಿ ಎಲ್ಲವನ್ನೂ ಕನ್ನಡದಲ್ಲಿ ಕಲಿತಿರುತ್ತಾರೆ. ಡಿಗ್ರಿಗೆ ಹೋದರೆ ಪುಸ್ತಕ ಇಂಗ್ಲಿಷಿನದ್ದು, ಬಿಡಿಸಿ ಹೇಳುವುದು ಹೆಚ್ಚಾಗಿ ಮಲಯಾಳದಲ್ಲಿ. ಶೇಕ್ಸ್‌ಪಿಯರ್ ಬಂದಾಗ ಅವರಿಗೆ ಪುಸ್ತಕದ ಟಿಪ್ಪಣಿಯೇ ಮೇಷ್ಟ್ರು. ಹಾಗಾಗಿ ಯಾವ ಪುಸ್ತಕ ಅನ್ನುವುದು ಸಣ್ಣ ವಿಷಯ ಅಲ್ಲ.

ಈ ಮಳೆಗಾಲದಲ್ಲಿ ಬದಿಯಡ್ಕದ ನಮ್ಮ ಮನೆಯ ಚಾವಡಿಯಲ್ಲಿ ಮೂವರು ಮಕ್ಕಳನ್ನು ಕೂರಿಸಿ ಶೇಕ್ಸ್‌ಪಿಯರನ ಮ್ಯಾಕ್‌ಬೆತ್ ನಾಟಕ ಓದಿಸಿದೆ. ಟಿಪ್ಪಣಿ ಇರುವ ನಾಲ್ಕು ಇಂಗ್ಲಿಷ್ ಆವೃತ್ತಿ, ಆದರೆ ಭಾಗ ಒಂದೇ: ಎರಡನೇ ಅಂಕದಲ್ಲಿ ಮ್ಯಾಕ್‌ಬೆತ್ ಕೈಯಲ್ಲಿ ರಾಜ ಡಂಕನ್‌ನ ಕೊಲೆ ಮುಗಿದು ಬಾಗಿಲು ಬಡಿಯುವ ಜಾಗ.

ಮೊದಲು ವೆರಿಟಿ ಎಂಬ ಸಂಪಾದಕರ ಹಳೆಯ ಪುಸ್ತಕ. ನಾನು ಕಾಲೇಜಿನಲ್ಲಿ ಓದಿದ್ದು ಅದನ್ನೇ. ಶಬ್ದದ ಮೂಲ, ಹಳೆಯ ಬಳಕೆ ಎಲ್ಲವನ್ನೂ ತಾಳ್ಮೆಯಿಂದ ಹೇಳುತ್ತಾರೆ. ಆದರೆ ಟಿಪ್ಪಣಿಗಳೆಲ್ಲ ಕೊನೆಯಲ್ಲಿ. ಒಂದು ಬೆರಳು ಇಲ್ಲಿ, ಇನ್ನೊಂದು ಅಲ್ಲಿ. ಅರ್ಥ ಹುಡುಕಿ ಬರುವಷ್ಟರಲ್ಲಿ ಮಾತಿನ ಬಿಸಿ ಆರಿರುತ್ತದೆ. ಹತ್ತು ಸಾಲಿಗೇ ಮಕ್ಕಳು ಸುಸ್ತಾದರು.

ಎರಡನೆಯದಾದ ಫೋಲ್ಜರ್ ಆವೃತ್ತಿಯಲ್ಲಿ ಬಲಪುಟಕ್ಕೆ ನಾಟಕ, ಎಡಪುಟಕ್ಕೆ ಅರ್ಥ. 'ಇನ್‌ಕಾರ್ನಡೈನ್' ಅಂತ ಬಂತು, ಕಣ್ಣು ಎಡಕ್ಕೆ ಹೋಯಿತು, ಕೆಂಪಾಗಿಸು ಎಂದು ತಿಳಿಯಿತು, ವಾಪಸ್ ಬಂತು. ಓದು ನಿಲ್ಲಲೇ ಇಲ್ಲ. ಪ್ರತಿ ದೃಶ್ಯದ ಮೊದಲು ಕಥೆಯ ಸಾರವೂ ಇದೆ. ಒಬ್ಬರೇ ಕೂತು ಮೊದಲ ಸಲ ಓದುವವರಿಗೆ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ.

ಆಮೇಲಿನ ಆವೃತ್ತಿ ಆರ್ಡನ್, ಅದರ ಮೂರನೇ ಸರಣಿಯದ್ದು. ಇದು ದೊಡ್ಡವರ ಪುಸ್ತಕ. ಮುನ್ನುಡಿಯೇ ಉದ್ದ, ಟಿಪ್ಪಣಿ ಪುಟದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ. ಆದರೆ ನಮ್ಮ ಅತಿ ಒಳ್ಳೆಯ ಮಧ್ಯಾಹ್ನ ಈ ಬಗೆಯ ಟಿಪ್ಪಣಿಯಿಂದಲೇ ಬಂತು. ಈ ಕೈಯ ರಕ್ತ ಕಡಲನ್ನೇ ಕೆಂಪು ಮಾಡೀತು ಅನ್ನುತ್ತಾನಲ್ಲ ಮ್ಯಾಕ್‌ಬೆತ್, ಆ ಮಾತಿನ ಕೊನೆ 'ಮೇಕಿಂಗ್ ದ ಗ್ರೀನ್ ಒನ್ ರೆಡ್'. 1623ರ ಮೊದಲ ಮುದ್ರಣದಲ್ಲಿ 'ಒನ್' ಆದ ಮೇಲೆ ಅಲ್ಪವಿರಾಮ ಇದೆ. ಹಾಗೆ ಓದಿದರೆ, ಹಸುರಾಗಿದ್ದದ್ದು ಕೆಂಪಾಯಿತು, ಅಷ್ಟೆ. 'ಗ್ರೀನ್' ಆದ ಮೇಲೆ ನಿಂತರೆ? ಹಸುರು ಕಡಲೆಲ್ಲ ಒಂದೇ ಕೆಂಪು. ಈಗಿನ ಸಂಪಾದಕರು ಹೆಚ್ಚಾಗಿ ಒಪ್ಪುವುದು ಎರಡನೆಯದನ್ನು. ಮೂವರಿಗೂ ಎರಡು ರೀತಿಯಲ್ಲಿ ಗಟ್ಟಿಯಾಗಿ ಓದಲು ಹೇಳಿದೆ. "ಎರಡನೆಯದೇ ಟೀಚರ್, ಎಲ್ಲಿ ನೋಡಿದ್ರೂ ರಕ್ತ" ಅಂದಳು ಒಬ್ಬಳು. ತಾಳಮದ್ದಳೆಯಲ್ಲಿ ಒಳ್ಳೆಯ ಅರ್ಥಧಾರಿ ಒಂದು ಪದದ ಮೇಲೆ ನಿಂತು ಬೆಳೆಸುತ್ತಾರಲ್ವಾ, ಇದೂ ಹಾಗೆಯೇ ಅಂದೆ. ತಕ್ಷಣ ಅರ್ಥವಾಯಿತು.

ಆಮೇಲೆ ಬಾಗಿಲು ಕಾಯುವವನು ಬಂದ. "ಇವನು ನಮ್ಮ ಹಾಸ್ಯಗಾರ!" ಅಂದ ಹುಡುಗ. ಹೌದು, ಆದರೆ ಅವನ ತಮಾಷೆಯ ಒಳಗೆ ಮುಳ್ಳಿದೆ. ಅವನ ಮಾತಿನಲ್ಲಿ ಬರುವ 'ಈಕ್ವಿವೊಕೇಟರ್' ಅಂದರೆ ಎರಡರ್ಥ ಬರುವಂತೆ ಮಾತಾಡಿ ನುಣುಚಿಕೊಳ್ಳುವವನು. 1605ರಲ್ಲಿ ಲಂಡನ್ನಿನ ಪಾರ್ಲಿಮೆಂಟನ್ನು ಸಿಡಿಸುವ ಸಂಚು ಬಯಲಾಯಿತು. ಅದರ ಸಂಬಂಧ 1606ರಲ್ಲಿ ವಿಚಾರಣೆಗೆ ಒಳಗಾದ ಪಾದ್ರಿ ಹೆನ್ರಿ ಗಾರ್ನೆಟ್ ಇಂಥ ಮಾತಿಗೇ ಹೆಸರಾದವರು. ಇದು ಗೊತ್ತಾದರೆ ಕೊನೆಯಲ್ಲಿ ಮ್ಯಾಕ್‌ಬೆತ್ ಮೋಸ ಹೋಗುವುದೂ ಮಾಟಗಾತಿಯರ ಕಡೆಯ ಎರಡರ್ಥದ ಮಾತಿಗೇ ಎಂಬುದು ಹೊಳೆಯುತ್ತದೆ. ಟಿಪ್ಪಣಿ ಇರಬೇಕಾದದ್ದು ಇದಕ್ಕೆ.

ಕೇಂಬ್ರಿಜ್ ಸ್ಕೂಲ್ ಶೇಕ್ಸ್‌ಪಿಯರ್ ನಾಲ್ಕನೆಯದು. ಎಡಪುಟದಲ್ಲಿ ಶಬ್ದಾರ್ಥದ ಜೊತೆಗೆ ಮಾಡಿ ನೋಡುವ ಚಟುವಟಿಕೆಗಳು. ಹುಡುಗ ಎದ್ದು ಹೋಗಿ ಚಾವಡಿಯ ಬಾಗಿಲನ್ನು ಹೊರಗಿನಿಂದ ಬಡಿದ. ಒಳಗೆ ಇಬ್ಬರು ಹುಡುಗಿಯರು ಮ್ಯಾಕ್‌ಬೆತ್ ಮತ್ತು ಅವನ ಹೆಂಡತಿಯ ಮಾತನ್ನು ಪಿಸುಗುಟ್ಟುತ್ತಾ ಓದಿದರು. ಮಾತು ಯಾಕೆ ಅಷ್ಟು ತುಂಡು ತುಂಡಾಗಿದೆ ಅಂತ ನಾನು ಹೇಳಬೇಕಾಗಲೇ ಇಲ್ಲ. ಗುಂಪಿದ್ದರೆ ಇದು ಚಿನ್ನ. ಒಬ್ಬರೇ ಇದ್ದರೆ ಅರ್ಧ ಪುಸ್ತಕ ಸುಮ್ನೆ ಉಳಿಯುತ್ತದೆ.

ಪರೀಕ್ಷೆಯ ಗೈಡ್‌ಗಳನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ. ಅದರಲ್ಲಿ ನಾಟಕವೇ ಇರುವುದಿಲ್ಲ.

ಕೊಳ್ಳುವುದಾದರೆ ಫೋಲ್ಜರ್ ಕೊಳ್ಳಿ. ಆರ್ಡನ್ ಲೈಬ್ರರಿಯಲ್ಲಿ ಸಿಕ್ಕಿದರೆ ಎರಡೋ ಮೂರೋ ದೃಶ್ಯಕ್ಕೆ ಮಾತ್ರ ತೆರೆಯಿರಿ. ಜೊತೆಗೆ ಕನ್ನಡದ್ದೊಂದು ಬೇಕೇ ಬೇಕು. ಡಿ.ವಿ.ಜಿ.ಯವರೂ ರಾಮಚಂದ್ರ ದೇವ ಅವರೂ ಮ್ಯಾಕ್‌ಬೆತ್ ಅನ್ನು ಕನ್ನಡಕ್ಕೆ ತಂದಿದ್ದಾರೆ. ಮೊದಲು ಇಂಗ್ಲಿಷ್ ಸಾಲು ಗಟ್ಟಿಯಾಗಿ ಓದಿ, ಆಮೇಲೆ ಕನ್ನಡ ನೋಡಿ. ತಿರುಗಾಮುರುಗಾ ಮಾಡಿದ ದಿನ ನಮ್ಮ ಮಕ್ಕಳು ಇಂಗ್ಲಿಷ್ ಪುಟಕ್ಕೆ ಹೋಗಲೇ ಇಲ್ಲ.