ಟ್ರೈಲರಿನ ಬಿಸಿನೀರಿಗೆ ಮಿಕ್ಸಿಂಗ್ ವಾಲ್ವ್: ಕೆಲವು ವರ್ಷ ಬಳಸಿದ ಮೇಲೆ

ಅಮೆರಿಕದಲ್ಲಿ ವಾಹನದ ಹಿಂದೆ ಕಟ್ಟಿಕೊಂಡು ಹೋಗುವ ಪುಟ್ಟ ಮನೆಗಳಾದ ಟ್ರೈಲರ್‌ಗಳಲ್ಲಿ ಬರುವ ಸಾಮಾನ್ಯ ವಾಟರ್ ಹೀಟರ್‌ಗೆ ಬಿಸಿಯನ್ನು ಹೆಚ್ಚು ಕಡಿಮೆ ಮಾಡುವ ತಿರುಗಣೆ ಇರುವುದಿಲ್ಲ. ಗೋಡೆಯ ಮೇಲೆ ಒಂದು ಸ್ವಿಚ್ ಇರುತ್ತದೆ. ಒತ್ತಿದರೆ ಪ್ರೊಪೇನ್ ಉರಿ ಹೊತ್ತಿಕೊಳ್ಳುತ್ತದೆ, ನೀರು ಎಷ್ಟು ಕಾಯಬೇಕೆಂಬುದನ್ನು ಕಾರ್ಖಾನೆಯವರು ಮೊದಲೇ ನಿರ್ಧರಿಸಿರುತ್ತಾರೆ. ನಮ್ಮದು 6 ಗ್ಯಾಲನ್, ಅಂದರೆ ಸುಮಾರು 23 ಲೀಟರಿನ ಟ್ಯಾಂಕು. ಅದರ ಥರ್ಮೋಸ್ಟಾಟ್ 140 ಡಿಗ್ರಿ ಫ್ಯಾರನ್‌ಹೀಟ್‌ನದು, ನಮ್ಮ ಲೆಕ್ಕದಲ್ಲಿ 60 ಡಿಗ್ರಿ ಸೆಲ್ಸಿಯಸ್. ಅಷ್ಟು ಕಾದ ನೀರು ಐದಾರು ಸೆಕೆಂಡುಗಳಲ್ಲಿ ದೊಡ್ಡವರ ಚರ್ಮವನ್ನೇ ಆಳವಾಗಿ ಸುಡಬಲ್ಲದು. 54 ಡಿಗ್ರಿಯಲ್ಲಾದರೆ ಅದಕ್ಕೆ ಸುಮಾರು ಅರ್ಧ ನಿಮಿಷ ಬೇಕು, 49ರಲ್ಲಿ ಹಲವು ನಿಮಿಷಗಳು ಬೇಕು. ಮಕ್ಕಳ ಮತ್ತು ವಯಸ್ಸಾದವರ ತೆಳು ಚರ್ಮಕ್ಕೆ ಇಷ್ಟು ಹೊತ್ತೂ ಬೇಕಾಗುವುದಿಲ್ಲ. ನಮ್ಮ ಟ್ರೈಲರಿನಲ್ಲಿ ಇಬ್ಬರೂ ಇರುತ್ತಾರೆ: ಶಾಲೆಗೆ ಹೊಸದಾಗಿ ಸೇರಿದ ಮಗಳು, ಮತ್ತು ಬೇಸಿಗೆಗೆ ಹಾಸನದಿಂದ ಬಂದು ಕೆಲವು ತಿಂಗಳು ನಮ್ಮೊಡನೆ ಉಳಿಯುವ ಅತ್ತೆಯವರು. ಆದ್ದರಿಂದಲೇ ಬಿಸಿನೀರಿಗೆ ತಣ್ಣೀರು ಬೆರೆಸಿ ಹದವಾಗಿ ಹೊರಬಿಡುವ ಒಂದು ಥರ್ಮೋಸ್ಟಾಟಿಕ್ ಮಿಕ್ಸಿಂಗ್ ವಾಲ್ವನ್ನು ಹೀಟರಿನ ಬಾಯಿಗೆ ಜೋಡಿಸಿದೆವು. ಈ ವಿಮರ್ಶೆ ಆ ವಾಲ್ವಿನದು.

ಟ್ಯಾಂಕಿನ ಬಿಸಿಯನ್ನೇ ಇಳಿಸಿಬಿಟ್ಟರೆ ಆಗದೇ ಎಂದು ಕೇಳುವವರಿದ್ದಾರೆ. ಕಡಿಮೆ ಬಿಸಿಯ ಥರ್ಮೋಸ್ಟಾಟ್ ಕೂಡ ದೊರೆಯುತ್ತದೆ. ಆದರೆ ಟ್ಯಾಂಕು ಚಿಕ್ಕದು ಎಂಬುದನ್ನು ಮರೆಯುವಂತಿಲ್ಲ. ತಣ್ಣೀರು 15 ಡಿಗ್ರಿ ಇದ್ದು, ಸ್ನಾನಕ್ಕೆ 41 ಡಿಗ್ರಿ ಬೇಕೆಂದುಕೊಂಡರೆ, 60 ಡಿಗ್ರಿಯ 23 ಲೀಟರಿಗೆ ತಣ್ಣೀರು ಬೆರೆಸಿ ಕಾಗದದ ಮೇಲೆ 40 ಲೀಟರ್ ಹದವಾದ ನೀರು ಪಡೆಯಬಹುದು. ಟ್ಯಾಂಕು 49 ಡಿಗ್ರಿಯದಾದರೆ ಅದು 30 ಲೀಟರಿಗೆ ಇಳಿಯುತ್ತದೆ. ನೀರು ತೆಗೆದಂತೆಲ್ಲ ಒಳಗೆ ತಣ್ಣೀರು ಸೇರುತ್ತಲೇ ಇರುವುದರಿಂದ ನಿಜವಾಗಿ ಸಿಗುವುದು ಎರಡು ಸಂದರ್ಭದಲ್ಲೂ ಇದಕ್ಕಿಂತ ಕಡಿಮೆ. ಇನ್ನೊಂದು ಕಾರಣ ಲೀಜಿಯೊನೆಲ್ಲ ಎಂಬ ಬ್ಯಾಕ್ಟೀರಿಯಾ. ಅದು 20ರಿಂದ 45 ಡಿಗ್ರಿಯ ನೀರಿನಲ್ಲಿ ಚೆನ್ನಾಗಿ ಬೆಳೆಯುತ್ತದೆ, 60 ಡಿಗ್ರಿಯಲ್ಲಿ ಹೆಚ್ಚು ಹೊತ್ತು ಬದುಕುಳಿಯಲಾರದು. ವಾರಗಟ್ಟಲೆ ನಿಂತ ನೀರಿರುವ ಟ್ರೈಲರಿಗೆ ಇದು ಸಣ್ಣ ಮಾತಲ್ಲ. ಹಾಗಾಗಿ ಟ್ಯಾಂಕಿನಲ್ಲಿ ನೀರು ಚೆನ್ನಾಗಿಯೇ ಕಾಯಬೇಕು, ನಲ್ಲಿಯಲ್ಲಿ ಮಾತ್ರ ಹದವಾಗಿ ಬರಬೇಕು.

ವಾಸ್ತವದಲ್ಲಿ ನನಗೆ ಭಯವಿದ್ದದ್ದು ಬಿಸಿಗಿಂತ ಹೆಚ್ಚಾಗಿ ಅದರ ಏರುಪೇರಿನ ಬಗ್ಗೆ. ನಮ್ಮ ಶವರಿಗೆ ಬಿಸಿಗೊಂದು ತಣ್ಣಗೊಂದು ಎಂದು ಎರಡು ತಿರುಗಣೆಗಳಿವೆ, ಎರಡರ ಒತ್ತಡವನ್ನು ಸರಿತೂಗಿಸುವ ವ್ಯವಸ್ಥೆ ಯಾವುದೂ ಇಲ್ಲ. ಒಬ್ಬರು ಮೀಯುತ್ತಿರುವಾಗ ಮತ್ತೊಬ್ಬರು ಅಡುಗೆಯ ಕಟ್ಟೆಯಲ್ಲಿ ತಣ್ಣೀರಿನ ನಲ್ಲಿ ತಿರುಗಿಸಿದರೆ, ಅಥವಾ ಟಾಯ್ಲೆಟ್ ಫ್ಲಶ್ ಮಾಡಿದರೆ, ಶವರಿಗೆ ಬರುವ ತಣ್ಣೀರು ಸೊರಗಿ ಸುಡುನೀರೇ ಮೈಮೇಲೆ ಬೀಳುತ್ತದೆ. ಹೊರಳಲೂ ಜಾಗವಿಲ್ಲದ ಆ ಬಚ್ಚಲಿನಲ್ಲಿ ಥಟ್ಟನೆ ಪಕ್ಕಕ್ಕೆ ಸರಿಯುವುದೂ ಸಾಧ್ಯವಿಲ್ಲ. ಅದರ ಮೇಲೆ, ಪಾತ್ರೆ ತೊಳೆಯುವಾಗ ಸ್ವಲ್ಪ ಸ್ವಲ್ಪವೇ ಬಿಸಿನೀರು ತೆಗೆಯುತ್ತಿದ್ದರೆ ಉರಿ ಮತ್ತೆ ಮತ್ತೆ ಹೊತ್ತಿಕೊಂಡು ಟ್ಯಾಂಕಿನ ಮೇಲ್ಪದರದ ನೀರು ಥರ್ಮೋಸ್ಟಾಟಿನ ಮಿತಿಯನ್ನೂ ದಾಟಿ ಕಾಯುವುದುಂಟು.

ವಾಲ್ವಿನ ಒಳಗುಟ್ಟು ಸರಳವಾಗಿದೆ. ಒಂದು ಕಡೆಯಿಂದ ಬಿಸಿನೀರು, ಇನ್ನೊಂದು ಕಡೆಯಿಂದ ತಣ್ಣೀರು ಒಳಬರುತ್ತದೆ. ಬೆರೆತ ನೀರಿನಲ್ಲಿ ಮುಳುಗಿರುವ ಮೇಣದ ಗುಳಿಗೆಯೊಂದು ಬಿಸಿ ಹೆಚ್ಚಾದಾಗ ಹಿಗ್ಗಿ ಬಿಸಿನೀರಿನ ದಾರಿಯನ್ನು ಕಿರಿದು ಮಾಡುತ್ತದೆ, ತಣ್ಣಗಾದಾಗ ಕುಗ್ಗಿ ಅಗಲಿಸುತ್ತದೆ. ತಣ್ಣೀರು ಪೂರ್ತಿ ನಿಂತುಹೋದರೆ ಬಿಸಿನೀರನ್ನೂ ಬಹುಮಟ್ಟಿಗೆ ತಡೆದುಬಿಡುತ್ತದೆ. ವಿದ್ಯುತ್ ಬೇಡ, ಬ್ಯಾಟರಿ ಬೇಡ. ಕೊಳ್ಳುವಾಗ ಎಎಸ್‌ಎಸ್‌ಇ 1017 ಎಂಬ ಗುರುತನ್ನು ನೋಡಬೇಕು, ಅದು ಹೀಟರಿನ ಬಳಿಯೇ ಜೋಡಿಸುವ ವಾಲ್ವುಗಳ ಮಾನದಂಡ. 1070 ಎಂದಿದ್ದರೆ ಅದು ನಲ್ಲಿಯ ಹತ್ತಿರ ಜೋಡಿಸುವಂಥದ್ದು. ಎರಡೂ ಒಳದಾರಿಗಳಲ್ಲಿ ನೀರು ಹಿಂದಕ್ಕೆ ಹರಿಯದಂತೆ ತಡೆಯುವ ಚೆಕ್ ವಾಲ್ವ್ ಇರುವುದನ್ನೇ ಆರಿಸಿಕೊಳ್ಳಿ. ನನಗೆ ನೂರು ಡಾಲರಿನ ಆಸುಪಾಸಿನಲ್ಲಿ ಸಿಕ್ಕಿತು. ಹೀಟರಿನ ಹಿಂಬದಿಯು ಮಂಚದ ಕೆಳಗಿನ ಹಲಗೆಯ ಹಿಂದಿದ್ದು ಅಲ್ಲಿಗೆ ಒಂದೇ ಕೈ ಹೋಗುವುದರಿಂದ, ಜೋಡಿಸುವ ಕೆಲಸಕ್ಕೆ ಒಂದು ಇಡೀ ಮಧ್ಯಾಹ್ನ ಹಿಡಿಯಿತು. ಅಡುಗೆಮನೆಯ ಥರ್ಮಾಮೀಟರನ್ನು ಶವರಿನ ಧಾರೆಗೆ ಹಿಡಿದು 43 ಡಿಗ್ರಿಗೆ ಹೊಂದಿಸಿದೆ. ಆಮೇಲೆ ಅಡುಗೆಯ ಕಟ್ಟೆಯ ನಲ್ಲಿ ತೆರೆದರೂ ಫ್ಲಶ್ ಮಾಡಿದರೂ ಸುಡುನೀರು ಬರಲಿಲ್ಲ. ತಣ್ಣೀರು ಸೊರಗಿದರೂ ಶವರಿನ ನೀರು ಆ 43ರ ಗೆರೆಯನ್ನು ದಾಟುವುದಿಲ್ಲ. ಮೊದಲ ಕೆಲವು ತಿಂಗಳಲ್ಲಿ ನನ್ನನ್ನು ಕೇಳಿದ್ದರೆ ಐದಕ್ಕೆ ಐದು ನಕ್ಷತ್ರ ಕೊಡುತ್ತಿದ್ದೆ.

ನಕ್ಷತ್ರ ಕಳೆದದ್ದು ಶವರಿನ ಹಿಡಿಯ ಮೇಲಿರುವ ಒಂದು ಗುಂಡಿಯಿಂದ. ಯೂಟಾ, ಅರಿಜೋನಾದ ಸರ್ಕಾರಿ ಬಯಲುಗಳಲ್ಲಿ ನೀರಿನ ಪೈಪೂ ಚರಂಡಿಯ ಸಂಪರ್ಕವೂ ಇಲ್ಲದೆ ತಂಗುವವರಿಗೆ ಈ ಗುಂಡಿ ಚಿರಪರಿಚಿತ: ಮೈ ನೆನೆಸಿಕೊಂಡು ಗುಂಡಿ ಒತ್ತಿ ನೀರು ನಿಲ್ಲಿಸಬೇಕು, ಸೋಪು ಹಚ್ಚಬೇಕು, ಮತ್ತೆ ಬಿಟ್ಟು ತೊಳೆದುಕೊಳ್ಳಬೇಕು. ಒತ್ತಿದಾಗ ನೀರು ಪೂರ್ತಿ ನಿಲ್ಲದೆ ಸಣ್ಣಗೆ ತೊಟ್ಟಿಕ್ಕುವಂತೆ ಅದನ್ನು ಬೇಕೆಂದೇ ಮಾಡಿರುತ್ತಾರೆ; ಇಲ್ಲದಿದ್ದರೆ ಎರಡೂ ತಿರುಗಣೆಗಳು ತೆರೆದಿರುವುದರಿಂದ ತಣ್ಣೀರು ಬಿಸಿನೀರಿನ ಪೈಪಿಗೆ ನುಸುಳುತ್ತದೆ. ಆದರೆ ಮಿಕ್ಸಿಂಗ್ ವಾಲ್ವಿಗೆ ಸರಿಯಾಗಿ ಬೆರೆಸಲು ನಿಮಿಷಕ್ಕೆ ಸುಮಾರು ಎರಡು ಲೀಟರಾದರೂ ಹರಿವು ಬೇಕು. ತೊಟ್ಟಿಕ್ಕುವ ನೀರಿನಲ್ಲಿ ಅದು ಹಿಡಿತ ಕಳೆದುಕೊಳ್ಳುತ್ತದೆ. ಗುಂಡಿ ಬಿಟ್ಟೊಡನೆ ಬರುವ ಮೊದಲ ಧಾರೆ ಒಮ್ಮೆ ಚಳಿ ಹಿಡಿಸುವಷ್ಟು ತಣ್ಣಗಿರುತ್ತದೆ, ಒಮ್ಮೆ ಬೇಕಾದ್ದಕ್ಕಿಂತ ಬಿಸಿಯಾಗಿರುತ್ತದೆ. ಮೇಣ ಎಚ್ಚೆತ್ತು ಸರಿಪಡಿಸಲು ಎರಡು ಮೂರು ಸೆಕೆಂಡು ತೆಗೆದುಕೊಳ್ಳುತ್ತದೆ. ಸುಡುವಷ್ಟಲ್ಲ ನಿಜ, ಆದರೆ ಕಣ್ಣಿಗೆ ಸೋಪು ಹೋದ ಮಗು ಬೆಚ್ಚಿ ಕಿರುಚಲು ಅಷ್ಟು ಸಾಕು. ನೀರು ಉಳಿಸಬೇಕೆಂದರೆ ನಿಲ್ಲಿಸಬೇಕು, ನಿಲ್ಲಿಸಿದರೆ ಹದ ಕೆಡುತ್ತದೆ. ಪೆಟ್ಟಿಗೆಯೊಳಗಿನ ಕೈಪಿಡಿಯಲ್ಲಿ ಕನಿಷ್ಠ ಹರಿವಿನ ಅಂಕಿ ಮುದ್ರಿಸಿದ್ದಾರೆ, ಟ್ರೈಲರಿನವರಿಗೆ ಅದರಿಂದ ಏನಾಗುತ್ತದೆಂದು ಒಂದು ಸಾಲನ್ನೂ ಬರೆದಿಲ್ಲ.

ಪರಿಹಾರ ಕಂಡುಕೊಂಡವರು ಅತ್ತೆಯವರು, ಅದೂ ಪರಿಹಾರವೆಂದು ಯೋಚಿಸಿ ಅಲ್ಲ. ಅವರಿಗೆ ಶವರ್ ಎಂದೂ ಹಿಡಿಸಿರಲಿಲ್ಲ. ಹನ್ನೆರಡು ಲೀಟರಿನ ಒಂದು ಮಡಚುವ ಬಕೆಟ್, ಊರಿನಿಂದ ತಂದ ಸ್ಟೀಲ್ ಚೆಂಬು, ಚಿಕ್ಕದೊಂದು ಪ್ಲಾಸ್ಟಿಕ್ ಸ್ಟೂಲು, ಇಷ್ಟನ್ನು ಬಚ್ಚಲಿನಲ್ಲಿ ಹೊಂದಿಸಿಟ್ಟುಕೊಂಡರು. ಶವರಿನ ಹಿಡಿಯನ್ನು ಬಕೆಟ್ಟಿನೊಳಗೆ ಇಳಿಬಿಟ್ಟು ಬಿಸಿನೀರಿನ ತಿರುಗಣೆಯನ್ನು ಪೂರ್ತಿ ತೆರೆದರೆ ಪೈಪಿನಲ್ಲಿ ನಿಂತ ತಣ್ಣೀರು ಮೊದಲು ಬರುತ್ತದೆ, ಹಿಂದೆಯೇ 43 ಡಿಗ್ರಿಯ ನೀರು ಎಡೆಬಿಡದೆ ತುಂಬುತ್ತದೆ, ಎರಡೂ ಸೇರಿ ಮೈಗೆ ಒಪ್ಪುವ ಬಿಸಿಗೆ ಬರುತ್ತದೆ. ಧಾರೆ ಮಧ್ಯೆ ನಿಲ್ಲುವುದಿಲ್ಲವಾದ್ದರಿಂದ ವಾಲ್ವಿಗೆ ತಡವರಿಸುವ ಅವಕಾಶವೇ ಇಲ್ಲ. ಮೈಗಿಂತ ಮೊದಲು ಕೈ ನೀರನ್ನು ಮುಟ್ಟುತ್ತದೆ. ಬೇಕಾದಷ್ಟು ಹೊತ್ತು ಸೋಪು ಹಚ್ಚಿಕೊಳ್ಳಬಹುದು. "ತಣ್ಣೀರು ಬೆರೆಸೋ ಕೆಲಸಾನೇ ಇಲ್ಲ ನೋಡಮ್ಮ" ಎಂದು ಅವರು ಹೊರಬಂದಾಗ ನನ್ನ ನೂರು ಡಾಲರ್ ಸಾರ್ಥಕವಾಯಿತು ಅನ್ನಿಸಿತು. ಈಗ ಬಯಲಿನಲ್ಲಿ ತಂಗಿದಾಗ ನಾವೆಲ್ಲರೂ ಬಕೆಟ್ಟಿಗೇ ಬಂದಿದ್ದೇವೆ. ಬೆಳಗ್ಗೆ ಕಾಫಿಗೆ ಡಿಕಾಕ್ಷನ್ ಇಳಿಯುವಷ್ಟರಲ್ಲಿ ಹೀಟರ್ ಹಾಕಿ, ಒಬ್ಬರಿಗೊಂದು ಬಕೆಟ್ ಎಂಬ ಲೆಕ್ಕದಲ್ಲಿ ಒಂದು ಕಾಯಿಸಿದ ಟ್ಯಾಂಕಿನಲ್ಲಿ ಇಬ್ಬರ ಸ್ನಾನ ಮುಗಿಯುತ್ತದೆ, ಕೊಳೆನೀರಿನ ಟ್ಯಾಂಕೂ ಬೇಗ ತುಂಬುವುದಿಲ್ಲ. ಕ್ಯಾಂಪ್‌ಗ್ರೌಂಡಿನಲ್ಲಿ ನೀರಿಗೂ ಚರಂಡಿಗೂ ಕೊರತೆಯಿಲ್ಲದಾಗ ಮಾತ್ರ ಗುಂಡಿ ಒತ್ತದೆ ಶವರಿನಲ್ಲಿ ಮೀಯುತ್ತೇವೆ.

ದೂರುಗಳು ಇನ್ನೂ ಇವೆ. ಮರುಭೂಮಿಯ ಕಡೆಯ ಗಡಸು ನೀರಿನಲ್ಲಿ ಕೆಲವು ತಿಂಗಳು ತಿರುಗಾಡಿ ಬಂದರೆ ವಾಲ್ವಿನೊಳಗೆ ಸುಣ್ಣ ಕಟ್ಟುತ್ತದೆ, ಒಳಗಿನ ತುಂಡು ಬಿಗಿಯುತ್ತದೆ, ಹೊಂದಿಸಿಟ್ಟ ಡಿಗ್ರಿ ತಾನಾಗಿ ಜಾರುತ್ತದೆ. ವಾಲ್ವ್ ಇದೆ ಎಂದು ನಂಬಿ ಕೂರುವುದು ಇಂತಹ ಹೊತ್ತಿನಲ್ಲಿಯೇ ಅಪಾಯ, ಆದ್ದರಿಂದ ಪ್ರತಿ ಪ್ರಯಾಣದ ಆರಂಭದಲ್ಲಿ ಥರ್ಮಾಮೀಟರ್ ಹಿಡಿದು ನೋಡುತ್ತೇನೆ. ಬಿಚ್ಚಿ ವಿನೆಗರ್‌ನಲ್ಲಿ ನೆನೆಸಿದರೆ ಸುಣ್ಣ ಬಿಡುತ್ತದೆ, ಆದರೆ ಬಿಚ್ಚಲು ಮತ್ತೆ ಅದೇ ಮಂಚದ ಕೆಳಗೆ ತೂರಬೇಕು. ನಾವಿರುವ ಡೆನ್ವರ್‌ನ ಚಳಿಗಾಲ ಬೇರೆ ತಲೆನೋವು: ಪೈಪುಗಳ ನೀರು ಬಸಿದರೂ ಚೆಕ್ ವಾಲ್ವುಗಳ ನಡುವೆ ಸ್ವಲ್ಪ ನೀರು ಸಿಕ್ಕಿಕೊಂಡು ಹೆಪ್ಪುಗಟ್ಟಿ ಹಿತ್ತಾಳೆಯನ್ನೇ ಸೀಳಬಹುದು. ಪೈಪುಗಳು ಹೆಪ್ಪುಗಟ್ಟದಂತೆ ತುಂಬುವ ಗುಲಾಬಿ ಬಣ್ಣದ ಆಂಟಿಫ್ರೀಜ್ ದ್ರವ ಬಿಸಿನೀರಿನ ನಲ್ಲಿಯಲ್ಲೂ ಬರುವ ತನಕ ಪಂಪು ಓಡಿಸಲೇಬೇಕು. ಆ ದ್ರವ ಟ್ಯಾಂಕಿಗೆ ಹೋಗದೆ ಪಕ್ಕದಿಂದ ಸಾಗಲು ಹೀಟರಿಗೆ ಬೈಪಾಸ್ ತಿರುಗಣೆ ಇರುತ್ತದೆ; ವಸಂತದಲ್ಲಿ ಅದನ್ನು ಪೂರ್ತಿ ಹಿಂದಕ್ಕೆ ತಿರುಗಿಸದಿದ್ದರೆ ತಣ್ಣೀರು ಸೇರಿಕೊಂಡು ಹೀಟರಿನ ಕಡೆಯಿಂದ ಬರುವ ನೀರೇ ಉಗುರುಬೆಚ್ಚಗಿರುತ್ತದೆ, ಬೈಗುಳ ಮಾತ್ರ ಮಿಕ್ಸಿಂಗ್ ವಾಲ್ವಿಗೆ ಬೀಳುತ್ತದೆ.

ಹೀಟರಿನ ಹೊರಬದಿಯ ಸುರಕ್ಷತಾ ವಾಲ್ವ್ ಕಾಯುವಾಗ ತೊಟ್ಟಿಕ್ಕತೊಡಗಿದರೆ ಗಾಬರಿಯಾಗಬೇಕಿಲ್ಲ, ಅದಕ್ಕೆ ಬಿರಡೆ ಹಾಕುವ ಯೋಚನೆಯನ್ನಂತೂ ಮಾಡಲೇಬಾರದು. 150 ಪಿಎಸ್‌ಐ ಒತ್ತಡ ಅಥವಾ 99 ಡಿಗ್ರಿ ಬಿಸಿ ದಾಟಿದಾಗ ಟ್ಯಾಂಕು ಸಿಡಿಯದಂತೆ ಕಾಯುವುದು ಅದೊಂದೇ. ಕಾದು ಹಿಗ್ಗುವ ನೀರಿಗೆ ಜಾಗ ಕೊಡಲು ಟ್ಯಾಂಕಿನ ತುದಿಯಲ್ಲಿರುವ ಗಾಳಿ ಕರಗಿಹೋದಾಗ ಹೀಗಾಗುತ್ತದೆ. ಹೀಟರ್ ಆರಿಸಿ, ನೀರು ತಣಿದ ಮೇಲೆ ಪಂಪನ್ನೂ ಹೊರಗಿನ ನೀರನ್ನೂ ನಿಲ್ಲಿಸಿ, ಒಂದು ಬಿಸಿನೀರಿನ ನಲ್ಲಿ ತೆರೆದು, ಸುರಕ್ಷತಾ ವಾಲ್ವಿನ ಹಿಡಿಯನ್ನು ಎತ್ತಿ ನೀರು ತಾನಾಗಿ ನಿಲ್ಲುವವರೆಗೆ ಬಿಟ್ಟರೆ ಗಾಳಿ ಮತ್ತೆ ಸೇರುತ್ತದೆ.

ನಾಲ್ಕು ನಕ್ಷತ್ರ ಕೊಡುತ್ತೇನೆ. ಮನೆಯಲ್ಲಿ ಮಕ್ಕಳೋ ಹಿರಿಯರೋ ಇರುವವರು ಹಣದ ಮುಖ ನೋಡದೆ ಹಾಕಿಸಿಕೊಳ್ಳಿ. ಟ್ಯಾಂಕಿಲ್ಲದ ಹೀಟರಿನಲ್ಲಿ ಬಿಸಿಯನ್ನು 48-50ಕ್ಕೆ ಹೊಂದಿಸಿಕೊಂಡಿರುವವರಿಗೆ ಇದು ಅಷ್ಟಾಗಿ ಒದಗುವುದಿಲ್ಲ. ವಾಲ್ವಿಗೆ ಒಳಬರುವ ಬಿಸಿನೀರು ಅದರಿಂದ ಹೊರಡುವ ಬೆರೆತ ನೀರಿಗಿಂತ ಹತ್ತು ಹದಿನೈದು ಡಿಗ್ರಿ ಹೆಚ್ಚು ಬಿಸಿಯಾಗಿರದಿದ್ದರೆ ವಾಲ್ವ್ ಸರಿಯಾಗಿ ಕೆಲಸ ಮಾಡದು. ಊರಿನಿಂದ ಬಂದ ತಂದೆತಾಯಿಯರಿಗೆ ಗ್ರ್ಯಾಂಡ್ ಕ್ಯಾನ್ಯನ್ ತೋರಿಸಲು ಆರ್‌ವಿ ಎಂಬ ವಾಸದ ವಾಹನವನ್ನು ಬಾಡಿಗೆಗೆ ಪಡೆಯುವವರು ಅದರಲ್ಲಿ ಇಂಥ ವಾಲ್ವ್ ಇಲ್ಲವೆಂದೇ ತಿಳಿದುಕೊಂಡು, ಸಾಮಾನುಗಳ ಜೊತೆ ಒಂದು ಬಕೆಟ್ಟನ್ನೂ ಚೆಂಬನ್ನೂ ಹಾಕಿಕೊಂಡು ಹೊರಡುವುದು ಒಳ್ಳೆಯದು. ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು.