ಷೋರೂಮ್, ಜೆ.ಸಿ. ರೋಡ್, ಊರಿನ ಎಲೆಕ್ಟ್ರಿಷಿಯನ್: ಎಲ್ಲಿ ಹಾಕಿಸಿದರೆ ವಾರಂಟಿ ಉಳಿಯುತ್ತದೆ?

ಮ್ಯೂಸಿಕ್ ಸಿಸ್ಟಮ್‌ಗೆ ಜೆ.ಸಿ. ರೋಡ್, ಅಂದರೆ ಬೆಂಗಳೂರಿನಲ್ಲಿ ಕಾರಿನ ಸಾಮಾನು ಮಾರುವ ಅಂಗಡಿಗಳ ರಸ್ತೆ. ಫಾಗ್ ಲ್ಯಾಂಪ್, ಸೀಟ್ ಕವರ್‌ಗೆ ಷೋರೂಮ್. ಟೈರಿಗೆ ಟೈರ್ ಅಂಗಡಿ. ಹೆಡ್‌ಲೈಟ್ ವೈರನ್ನು ಮಾತ್ರ ಯಾರಿಗೂ ಮುಟ್ಟಲು ಬಿಡಬೇಡಿ. ಬೇಸ್ ಮಾಡೆಲ್ ಕಾರು ತಗೊಂಡು ಆಮೇಲೆ ಒಂದೊಂದೇ ಸಾಮಾನು ಹಾಕಿಸೋಣ ಅನ್ನುವವರಿಗೆ ನನ್ನ ಉತ್ತರ ಇದು.

ನಮ್ಮ ಕುಟುಂಬದಲ್ಲಿ ಒಂದೇ ಮಾಡೆಲಿನ ಎರಡು ಹ್ಯಾಚ್‌ಬ್ಯಾಕ್‌ಗಳಿವೆ. ಬೆಂಗಳೂರಿನಲ್ಲಿರುವುದು ನನ್ನದು, ದಾವಣಗೆರೆಯಲ್ಲಿರುವುದು ಬಾಮೈದನದು. ಎರಡೂ ಬೇಸ್ ಮಾಡೆಲ್. ಮ್ಯೂಸಿಕ್ ಇಲ್ಲ, ಫಾಗ್ ಲ್ಯಾಂಪ್ ಇಲ್ಲ, ಚಕ್ರ 14 ಇಂಚು. ನಾನು ಅರ್ಧ ಷೋರೂಮಿನಲ್ಲಿ, ಅರ್ಧ ಜೆ.ಸಿ. ರೋಡಿನಲ್ಲಿ ಹಾಕಿಸಿದೆ. ಅವನು ಎಲ್ಲವನ್ನೂ ಊರಿನಲ್ಲೇ ಗುರುತಿನ ಎಲೆಕ್ಟ್ರಿಷಿಯನ್ ಹತ್ತಿರ ಮುಗಿಸಿದ. ಖರ್ಚಿನಲ್ಲಿ ಅವನೇ ಗೆದ್ದ, ಅದರಲ್ಲಿ ಅನುಮಾನವಿಲ್ಲ. ಷೋರೂಮಿನಲ್ಲಿ ಒಂದು ಸಾಮಾನಿಗೆ ನಾನು ಕೊಟ್ಟ ದುಡ್ಡಿನಲ್ಲಿ ಅವನಿಗೆ ಎರಡು ಬಂದವು.

ವಾರಂಟಿ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳಲು ಕಾರಣ ಇದೆ. ಈಗ ವಾರಂಟಿಯೇ ಉದ್ದವಾಗಿದೆ. ಮಾರುತಿಯನ್ನೇ ನೋಡಿ. ಮೊದಲು 2 ವರ್ಷ ಅಥವಾ 40,000 ಕಿ.ಮೀ. ಇದ್ದದ್ದು, 2024ರ ಜುಲೈನಿಂದ 3 ವರ್ಷ ಅಥವಾ 1 ಲಕ್ಷ ಕಿ.ಮೀ. ಆಯಿತು. ಅಷ್ಟು ದಿನ ಸಿಗುವ ರಕ್ಷಣೆಯನ್ನು ಒಂದು ಹಾರ್ನ್‌ಗೋಸ್ಕರ ಯಾಕೆ ಕಳೆದುಕೊಳ್ಳಬೇಕು? ಆದರೆ 'ಹೊರಗೆ ಏನು ಹಾಕಿಸಿದರೂ ಪೂರ್ತಿ ವಾರಂಟಿ ಹೋಗುತ್ತೆ ಸಾರ್' ಅನ್ನುವ ಸೇಲ್ಸ್ ಹುಡುಗರ ಮಾತನ್ನೂ ಹಾಗೇ ನಂಬಬೇಡಿ. ವಾರಂಟಿ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಇರುವುದು, ಹೊರಗಿನ ಸಾಮಾನಿನಿಂದ ಕೆಟ್ಟದ್ದಕ್ಕೆ ವಾರಂಟಿ ಇಲ್ಲ ಅಂತ. ಇದಕ್ಕೂ ಆ ಹುಡುಗರ ಮಾತಿಗೂ ಬಹಳ ವ್ಯತ್ಯಾಸ ಇದೆ. ನಿಮ್ಮ ಕಾರಿನ ಪುಸ್ತಕದಲ್ಲಿ ಆ ಪುಟವನ್ನು ನೀವೇ ಒಮ್ಮೆ ಓದಿ.

ಮೊದಲು ಮ್ಯೂಸಿಕ್ ಸಿಸ್ಟಮ್. ಷೋರೂಮಿನಲ್ಲಿ ತೋರಿಸಿದ ಸ್ಕ್ರೀನ್ ಚಿಕ್ಕದು, ರೇಟು ಜಾಸ್ತಿ. ಜೆ.ಸಿ. ರೋಡಿನಲ್ಲಿ ಅದೇ ದುಡ್ಡಿಗೆ ದೊಡ್ಡ ಆಂಡ್ರಾಯ್ಡ್ ಸ್ಕ್ರೀನ್, ರಿವರ್ಸ್ ಕ್ಯಾಮೆರಾ ಎರಡೂ ಸಿಕ್ಕವು. ಆದರೆ ಅಲ್ಲಿ ನೋಡಬೇಕಾದ್ದು ಸ್ಕ್ರೀನನ್ನಲ್ಲ, ಹಿಂದಿನ ಕಪ್ಲರನ್ನು, ಅಂದರೆ ವೈರುಗಳನ್ನು ಜೋಡಿಸುವ ಪ್ಲಗ್ಗನ್ನು. ಕಾರಿನ ಡ್ಯಾಶ್‌ಬೋರ್ಡ್ ಒಳಗೆ ಕಂಪನಿಯ ಕಪ್ಲರ್ ಇರುತ್ತದೆ. ಅದಕ್ಕೆ ಸರಿಯಾಗಿ ಕೂರುವ, ಆ ಮಾಡೆಲಿಗೇ ಮಾಡಿದ ಕನ್ವರ್ಟರ್ ಕಪ್ಲರ್ ಅಂಗಡಿಗಳಲ್ಲಿ ಸಿಗುತ್ತದೆ. ಅದನ್ನು ಹಾಕಿದರೆ ಒಂದು ವೈರನ್ನೂ ಕತ್ತರಿಸಬೇಕಾಗಿಲ್ಲ. 'ಕಪ್ಲರ್ ಟು ಕಪ್ಲರ್, ಕಟಿಂಗ್ ಬೇಡ' ಅಂತ ಮೊದಲೇ ಹೇಳಿ, ಪಕ್ಕದಲ್ಲೇ ನಿಂತು ನೋಡಿ. ಟೀ ಕುಡಿಯಲು ಹೋದಿರೋ, ಕಟ್ಟರ್ ಹೊರಗೆ ಬರುತ್ತದೆ. ಜಿಎಸ್‌ಟಿ ಬಿಲ್ ಕೇಳಿದರೆ ರೇಟು ಸ್ವಲ್ಪ ಏರುತ್ತದೆ, ಕೊಡಿ. ಆ ಬಿಲ್ ಮುಂದೆ ಕೆಲಸಕ್ಕೆ ಬರುತ್ತದೆ.

ನನಗೆ ಬಂತು. ಡ್ರೈವರ್ ಪಕ್ಕದ ಪವರ್ ವಿಂಡೋ ನಿಂತಾಗ ಸರ್ವಿಸ್ ಸೆಂಟರಿನವರು ಮೊದಲು ಬೆರಳು ತೋರಿಸಿದ್ದು ಸ್ಟೀರಿಯೊ ಕಡೆಗೇ. ಬಿಲ್ ತೋರಿಸಿ, ಕಪ್ಲರ್ ಕಿತ್ತು ನೋಡಿ ಅಂದೆ. ಕಿತ್ತರು. ಸ್ಟೀರಿಯೊ ಇಲ್ಲದೆಯೂ ಗ್ಲಾಸ್ ಏಳಲಿಲ್ಲ. ಕೆಟ್ಟಿದ್ದು ಮೋಟರ್. ವಾರಂಟಿಯಲ್ಲೇ ಹೊಸದು ಬಂತು. ವೈರ್ ಕತ್ತರಿಸಿ ಟೇಪ್ ಸುತ್ತಿದ್ದರೆ ಹೀಗೆ ಕಿತ್ತು ತೋರಿಸುವ ದಾರಿಯೇ ಇರುತ್ತಿರಲಿಲ್ಲ.

ಬಾಮೈದನ ಕಾರಿನ ಹೆಡ್‌ಲೈಟ್ ಕಥೆ ಇದಕ್ಕೆ ಉಲ್ಟಾ. ಕಂಪನಿ ಕೊಟ್ಟಿದ್ದು 60/55 ವಾಟಿನ (ಹೈ ಬೀಮಿಗೆ 60, ಲೋ ಬೀಮಿಗೆ 55) ಎಚ್4 ಹ್ಯಾಲೋಜೆನ್ ಬಲ್ಬ್. ಹೈವೇಯಲ್ಲಿ ರಾತ್ರಿ ಬೆಳಕು ಸಾಲದು ಅಂತ 100/90 ಹಾಕಿಸಿದ. ಲೆಕ್ಕ ಸುಲಭ. 12 ವೋಲ್ಟಿನಲ್ಲಿ 60 ವಾಟಿನ ಬಲ್ಬ್ ಎಳೆಯುವುದು 5 ಆಂಪಿಯರ್, 100 ವಾಟಿನದು 8ಕ್ಕಿಂತ ಜಾಸ್ತಿ. ಎರಡೂ ದೀಪ ಸೇರಿದರೆ 10 ಇದ್ದದ್ದು 16 ದಾಟುತ್ತದೆ. ಕಂಪನಿಯ ವೈರು, ಸ್ವಿಚ್ಚು ಅಷ್ಟಕ್ಕೆ ಮಾಡಿದ್ದಲ್ಲ. ಸರಿಯಾದ ಕೆಲಸ ಅಂದರೆ ಬ್ಯಾಟರಿಯಿಂದ ನೇರ ದಪ್ಪ ವೈರು, ರಿಲೇ (ಕಾರಿನ ಸ್ವಿಚ್ಚಿನ ಮೇಲೆ ಹೊರೆ ಬೀಳದಂತೆ ಕರೆಂಟ್ ಹರಿಸುವ ಬೇರೆ ಸ್ವಿಚ್ಚು), ಫ್ಯೂಸ್, ಸೆರಾಮಿಕ್ ಹೋಲ್ಡರ್ ಇರುವ ಹಾರ್ನೆಸ್ (ವೈರುಗಳ ಕಟ್ಟು) ಬೇಕು. ಎಲೆಕ್ಟ್ರಿಷಿಯನ್ ಬಲ್ಬ್ ಮಾತ್ರ ಬದಲಿಸಿದ. ಫ್ಯೂಸ್ ಹೋಗುತ್ತಿದೆ ಅಂದಾಗ ಇನ್ನೂ ದೊಡ್ಡ ಫ್ಯೂಸ್ ಚುಚ್ಚಿದ! ಫ್ಯೂಸ್ ಇರುವುದೇ ಮೊದಲು ತಾನು ಸುಡಲಿ ಅಂತ ಅಲ್ವಾ? ಅದು ಸುಡದೆ ಸ್ಟೀರಿಂಗ್ ಪಕ್ಕದ ಲೈಟ್ ಸ್ವಿಚ್ ಕರಗಿತು. ಡೀಲರ್ ವಾರಂಟಿ ಕೊಡಲಿಲ್ಲ. ಅವರು ಮಾಡಿದ್ದು ಸರಿ.

ಜಗಳ ಆಗಿದ್ದು ಅದಕ್ಕಲ್ಲ. ಅದೇ ಸಮಯಕ್ಕೆ ಎಸಿ ಗ್ಯಾಸ್ ಲೀಕ್ ಆಗುತ್ತಿತ್ತು. ಕಾರಿನಲ್ಲಿ ಹೊರಗಿನ ವೈರಿಂಗ್ ಇದೆ, ಆದ್ದರಿಂದ ಎಸಿಗೂ ವಾರಂಟಿ ಇಲ್ಲ ಅಂದುಬಿಟ್ಟರು. ಹೆಡ್‌ಲೈಟ್ ವೈರಿಗೂ ಎಸಿ ಪೈಪಿಗೂ ಏನು ಸಂಬಂಧ? ಬಾಮೈದ ಕೂಗಾಡಲಿಲ್ಲ. 'ಯಾವ ಕಾರಣಕ್ಕೆ ಕೊಡಲ್ಲ ಅಂತ ಜಾಬ್ ಕಾರ್ಡಿನಲ್ಲಿ ಬರೆದು ಸಹಿ ಹಾಕಿ ಕೊಡಿ' ಅಂದ (ಜಾಬ್ ಕಾರ್ಡ್ ಅಂದರೆ ಸರ್ವಿಸ್ ಸೆಂಟರಿನವರು ರಿಪೇರಿ ವಿವರ ಬರೆಯುವ ಕಾಗದ). ಸರ್ವಿಸ್ ಅಡ್ವೈಸರ್ ಒಳಗೆ ಹೋಗಿ ಬಂದರು, ಕಂಪನಿಗೆ ಕೇಳುತ್ತೇವೆ ಅಂದರು, ಮುಂದಿನ ವಾರ ರಿಪೇರಿ ಆಯಿತು. ಬಾಯಲ್ಲಿ 'ಇಲ್ಲ' ಅನ್ನುವುದು ಸುಲಭ. ಬರೆಯುವಾಗ ಕಾರಣ ಬೇಕಾಗುತ್ತದೆ. ಅಲ್ಲಿಗೂ ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗ ಇದೆ. ಯೂಟ್ಯೂಬ್ ನೋಡಿ 'ಹೊರಗಿನ ಸಾಮಾನಿನಿಂದಲೇ ಕೆಟ್ಟಿದ್ದು ಅಂತ ಡೀಲರೇ ಸಾಬೀತು ಮಾಡಬೇಕು' ಅಂತ ಕಾನೂನು ಹೇಳಲು ಹೋಗಬೇಡಿ. ಆ ವಿಡಿಯೊಗಳು ಹೇಳುವುದು ಅಮೆರಿಕದ 1975ರ ಮ್ಯಾಗ್ನುಸನ್-ಮಾಸ್ ಕಾಯ್ದೆ. ಇಲ್ಲಿ ಅದು ನಡೆಯಲ್ಲ.

ಫಾಗ್ ಲ್ಯಾಂಪ್ ನಾನು ಷೋರೂಮಿನಲ್ಲೇ ಹಾಕಿಸಿದೆ. ದುಬಾರಿ. ಆದರೆ ಕಂಪನಿ ಕಿಟ್‌ನಲ್ಲಿ ಹಾರ್ನೆಸ್, ಸ್ವಿಚ್ಚು, ಬಂಪರಿನ ಕವರ್ ಎಲ್ಲಾ ಅಳತೆಗೆ ಬರುತ್ತವೆ. ಒಂದು ಎಚ್ಚರಿಕೆ: ಷೋರೂಮಿನೊಳಗೆ ಮಾರುವುದೆಲ್ಲ ಕಂಪನಿಯದಲ್ಲ. ಆಕ್ಸೆಸರಿ ಕೌಂಟರಿನಲ್ಲಿ ಮೊದಲು ನನಗೆ ತೋರಿಸಿದ ಸೀಟ್ ಕವರ್ ಜೆ.ಸಿ. ರೋಡಿನದೇ ಮಾಲು, ರೇಟು ಮಾತ್ರ ಷೋರೂಮಿನದು. ಬಿಲ್ಲಿನಲ್ಲಿ ಕಂಪನಿಯ ಪಾರ್ಟ್ ನಂಬರ್ ಬರುತ್ತಾ ಅಂತ ಕೇಳಿ. ಬರದಿದ್ದರೆ ಜಾಸ್ತಿ ದುಡ್ಡು ಸುಮ್ನೆ ದಂಡ.

ಸೀಟ್ ಕವರಿನಲ್ಲಿ ವಾರಂಟಿಗಿಂತ ಜೀವದ ಪ್ರಶ್ನೆ ದೊಡ್ಡದು. ಸೈಡ್ ಏರ್‌ಬ್ಯಾಗ್ ಇರುವುದು ಮುಂದಿನ ಸೀಟಿನ ಒಳಗೇ. ಸೀಟಿನ ಅಂಚಿನಲ್ಲಿ ಅದರ ಚೀಟಿ ಕಾಣುತ್ತದೆ. ಬಿಗಿಯಾದ ಲೆದರೆಟ್ ಕವರ್ ಎಳೆದು ಹೊಲಿದರೆ ಏರ್‌ಬ್ಯಾಗ್ ಬಿಚ್ಚಿಕೊಳ್ಳುವ ಜಾಗವೇ ಮುಚ್ಚಿಹೋಗುತ್ತದೆ. ಕಂಪನಿ ಕವರಿನಲ್ಲಿ ಆ ಜಾಗದ ಹೊಲಿಗೆ ಬೇರೆ ಇರುತ್ತದೆ. ಬಾಮೈದನ ಕವರನ್ನು ತೆಗೆಸಿಯೇ ಬಿಟ್ಟೆ.

ಟೈರಿನಲ್ಲಿ ಷೋರೂಮಿಗೆ ಕೆಲಸವೇ ಇಲ್ಲ. ಟೈರು, ಬ್ಯಾಟರಿ ಎರಡಕ್ಕೂ ವಾರಂಟಿ ಕೊಡುವುದು ಅವುಗಳ ಕಂಪನಿಗಳೇ. ನಮ್ಮ ಕಾರಿಗೆ ಬಂದದ್ದು 165/80 ಆರ್14, ಅಂದರೆ ಟೈರಿನ ಅಗಲ 165 ಮಿ.ಮೀ., ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ 80, ಚಕ್ರ 14 ಇಂಚು. ಅದರ ಎತ್ತರ ಸುಮಾರು 620 ಮಿ.ಮೀ. ಮೇಲಿನ ಮಾಡೆಲಿನ 185/65 ಆರ್15 ಸುಮಾರು 622. ಹೆಚ್ಚುಕಮ್ಮಿ ಒಂದೇ, ಹಾಗಾಗಿ ಸ್ಪೀಡೋಮೀಟರ್ ತಪ್ಪು ತೋರಿಸಲ್ಲ. ನಾನು ಅದನ್ನೇ ಹಾಕಿಸಿದೆ. ಬಾಮೈದ ಲುಕ್ಕಿಗೆ ಅಂತ 205/65 ಆರ್15 ಹಾಕಿಸಿದ. ಅದು 647 ಮಿ.ಮೀ., ಶೇ 4ಕ್ಕಿಂತ ಜಾಸ್ತಿ. ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಟೈರು ಒಳಗಡೆ ಉಜ್ಜುತ್ತದೆ, ಮೈಲೇಜೂ ಇಳಿಯಿತು. ಇನ್ನು ಸಸ್ಪೆನ್ಷನ್, ವೀಲ್ ಬೇರಿಂಗ್ ಕೆಟ್ಟರೆ ಡೀಲರ್ ಆ ಟೈರನ್ನು ತೋರಿಸುತ್ತಾನೆ, ನಾವು ವಾದಿಸಲು ಆಗಲ್ಲ.

ಕ್ರ್ಯಾಶ್ ಗಾರ್ಡ್ (ಬಂಪರಿನ ಮುಂದೆ ಹಾಕಿಸುವ ಲೋಹದ ಕಂಬಿ), ಸನ್‌ರೂಫ್ ಕೊರೆಸುವುದು ಇವನ್ನು ನಾನು ಹೋಲಿಕೆಗೇ ತಂದಿಲ್ಲ. ಕ್ರ್ಯಾಶ್ ಗಾರ್ಡ್ ಬೇಡ ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಮೀರಿ ಗಾಡಿಯ ರಚನೆ ಬದಲಿಸಿದರೆ, 2019ರ ತಿದ್ದುಪಡಿ ಪ್ರಕಾರ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ.

ಕೊನೆಗೆ ಇನ್ಶೂರೆನ್ಸ್. ಹೊರಗಿನಿಂದ ಹಾಕಿಸಿದ ಎಲೆಕ್ಟ್ರಿಕಲ್ ಸಾಮಾನು ಪಾಲಿಸಿಯಲ್ಲಿ ಬರೆಸದಿದ್ದರೆ ಕಳುವಾದಾಗ ಏನೂ ಸಿಗಲ್ಲ. ಹಳೆಯ ಮೋಟಾರ್ ಟ್ಯಾರಿಫ್ (ವಾಹನ ವಿಮೆಯ ದರಪಟ್ಟಿ) ಪ್ರಕಾರ ಆ ಸಾಮಾನಿನ ಬೆಲೆಯ ಶೇ 4ರಷ್ಟು ಪ್ರೀಮಿಯಂ ಕಟ್ಟಿದರೆ ಸೇರಿಸಿಕೊಳ್ಳುತ್ತಾರೆ. ಇದಕ್ಕೂ ಬಿಲ್ ಬೇಕು. ನಮ್ಮಿಬ್ಬರಲ್ಲಿ ಇದನ್ನು ಮೊದಲು ಮಾಡಿಸಿದ್ದು ಬಾಮೈದನೇ.