ಕಡಲ್ಕೊರೆತವನ್ನು ವರ್ಷದಿಂದ ವರ್ಷಕ್ಕೆ ತೋರಿಸುವ ಗೂಗಲ್ ಅರ್ಥ್ ಟೈಮ್‌ಲ್ಯಾಪ್ಸ್

ಕಡಲ್ಕೊರೆತದ ಮಾತು ಬಂದಾಗಲೆಲ್ಲ ನಾವು ಮೊದಲು ದೂರುವುದು ಅಲೆಗಳನ್ನು. ತಗ್ಗಾದ ತೀರವೊಂದು ಕೊಚ್ಚಿಹೋಗುವ ಮುನ್ನ ಅಲ್ಲಿ ಮನುಷ್ಯರು ಏನೇನು ಮಾಡಿದ್ದರು ಎಂಬುದನ್ನು ಕಣ್ಣಾರೆ ನೋಡಬಯಸುವವರಿಗೆ ಗೂಗಲ್ ಅರ್ಥ್‌ನ ಟೈಮ್‌ಲ್ಯಾಪ್ಸ್ ಅತ್ಯಂತ ಬೆಲೆಬಾಳುವ ಸೌಲಭ್ಯ. 1984ರಿಂದ ಈಚಿನ ಉಪಗ್ರಹ ಚಿತ್ರಗಳನ್ನು ವರ್ಷಕ್ಕೊಂದರಂತೆ ಪೋಣಿಸಿರುವ ಈ ಸೇವೆಗೆ ಶುಲ್ಕವಿಲ್ಲ, ಬ್ರೌಸರ್ ಇದ್ದರೆ ಸಾಕು.

ನಾನು ಹೆಚ್ಚು ಹೊತ್ತು ನೋಡಿದ್ದು ಇಂಡೋನೇಷ್ಯಾದ ಜಾವಾ ದ್ವೀಪದ ಉತ್ತರ ತೀರದಲ್ಲಿರುವ ದೆಮಾಕ್ ಪ್ರದೇಶವನ್ನು. ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಕಾಡನ್ನು ಕಡಿದು ಮಾಡಿದ ಮೀನು, ಸಿಗಡಿ ಹೊಂಡಗಳು ಹಳೆಯ ಚಿತ್ರಗಳಲ್ಲಿ ಚದುರಂಗದ ಮನೆಗಳಂತೆ ಕಾಣುತ್ತವೆ. ವರ್ಷಗಳು ಸರಿದಂತೆ ಕಡಲ ಕಡೆಯ ಬದುಗಳು ಒಂದೊಂದಾಗಿ ಅಳಿಸಿಹೋಗಿ, ಚೌಕಗಳಿದ್ದ ಜಾಗದಲ್ಲಿ ಬರೀ ನೀರು ಉಳಿಯುತ್ತದೆ. ಕಾಂಡ್ಲಾ ಗಿಡಗಳ ಬೇರುಗಳು ಉಬ್ಬರದ ನೀರಿನ ವೇಗವನ್ನು ತಗ್ಗಿಸುವುದರಿಂದ ಅದರಲ್ಲಿರುವ ಹೂಳು ಅಲ್ಲೇ ತಂಗುತ್ತದೆ. ಬದು ಕಟ್ಟಿದ ಮೇಲೆ ಹೂಳು ಒಳಬರುವುದೂ ನಿಲ್ಲುತ್ತದೆ, ಬದುವಿಗೆ ಬಡಿದು ಹಿಂದಿರುಗುವ ಅಲೆಯು ಮುಂದಿನ ಕೆಸರನ್ನೂ ಕೆದಕಿ ಒಯ್ಯುತ್ತದೆ. ಆಳ ಹೆಚ್ಚಿದಷ್ಟೂ ದೊಡ್ಡ ಅಲೆ ಒಳಗೆ ಬರುತ್ತದೆ, ಮುಂದಿನ ಬದು ಬೀಳುತ್ತದೆ. ಕಲ್ಲಿನ ತಡೆಗೋಡೆಯ ಬುಡದಲ್ಲೂ ನಡೆಯುವುದು ಇದೇ.

ಆದರೆ ಚಿತ್ರ ನೋಡಿದ ಮಾತ್ರಕ್ಕೆ ಕಾರಣಗಳೆಲ್ಲ ತಿಳಿಯುವುದಿಲ್ಲ ಎಂಬುದನ್ನು ಬಳಸುವವರು ನೆನಪಿಡಬೇಕು. ದೆಮಾಕ್‌ನ ನೆರೆಯ ಸೆಮಾರಾಂಗ್ ನಗರದ ಸುತ್ತ ಅಂತರ್ಜಲವನ್ನು ಅತಿಯಾಗಿ ಎತ್ತುತ್ತಿರುವುದರಿಂದ ನೆಲವೇ ಕುಗ್ಗುತ್ತಿದೆ. ಮೇಲಿನಿಂದ ತೆಗೆದ ಚಿತ್ರದಲ್ಲಿ ಕಾಣುವುದು ಅದರ ಪರಿಣಾಮ ಮಾತ್ರ. ನೆಲ ತಗ್ಗಿ, ಉಸಿರಾಡುವ ಬೇರುಗಳು ಬಹುಹೊತ್ತು ನೀರಿನಡಿ ಉಳಿದರೆ, ಕಡಿಯದೆ ಬಿಟ್ಟ ಗಿಡಗಳೂ ಸಾಯುತ್ತವೆ. ಯಾವುದೇ ನದೀಮುಖವನ್ನು ನೋಡುವಾಗಲೂ ಹೊಳೆಯ ಗುಂಟ ಮೇಲಕ್ಕೆ ಸರಿದು, ಈ ಅವಧಿಯಲ್ಲಿ ಹೊಸ ಜಲಾಶಯ ತುಂಬಿದೆಯೇ ಎಂದು ಪರೀಕ್ಷಿಸುವುದು ಒಳ್ಳೆಯದು, ಏಕೆಂದರೆ ತೀರಕ್ಕೆ ಸೇರಬೇಕಾದ ಮೆಕ್ಕಲು ಅಣೆಕಟ್ಟಿನ ಹಿಂದೆಯೇ ಉಳಿದುಬಿಡುತ್ತದೆ.

ಇದರ ಮುಖ್ಯ ಮಿತಿ ಸೂಕ್ಷ್ಮತೆಯದು. ಹಳೆಯ ವರ್ಷಗಳ, ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹಗಳು ತೆಗೆದ ಚಿತ್ರದ ಒಂದು ಚುಕ್ಕೆ ಸುಮಾರು 30 ಮೀಟರ್ ಅಗಲದ ನೆಲವನ್ನು ಪ್ರತಿನಿಧಿಸುವುದರಿಂದ, ತೆಳುವಾದ ಕಾಂಡ್ಲಾ ಸಾಲು ಒಂದೇ ಚುಕ್ಕೆಯಲ್ಲಿ ಮುಗಿದುಹೋಗುತ್ತದೆ, ಈಚೆಗೆ ನೆಟ್ಟ ಸಸಿಗಳಂತೂ ಕಾಣುವುದೇ ಇಲ್ಲ. ಇಳಿತದಲ್ಲಿ ತೆರೆದುಕೊಂಡ ಕೆಸರು ಕೆಲವೊಮ್ಮೆ ನೆಲದಂತೆ ತೋರುತ್ತದೆ. ಹೀಗಾಗಿ ಎರಡೇ ವರ್ಷಗಳನ್ನು ಹೋಲಿಸಿ ಕೊರೆತವನ್ನು ಅಳೆಯುವುದು ಸರಿಯಲ್ಲ, ಹತ್ತಾರು ವರ್ಷಗಳ ಚಲನೆಯನ್ನೇ ಗಮನಿಸಬೇಕು. ಕಾಡಿನ ವಿಸ್ತೀರ್ಣವೇ ಬೇಕಾದವರು 1996ರಿಂದೀಚಿನ ನಕ್ಷೆಗಳಿರುವ, ಶುಲ್ಕವಿಲ್ಲದ ಗ್ಲೋಬಲ್ ಮ್ಯಾಂಗ್ರೋವ್ ವಾಚ್ ಅನ್ನು ಪಕ್ಕದ ಕಿಟಕಿಯಲ್ಲಿ ತೆರೆದಿಟ್ಟುಕೊಂಡು ಅದೇ ತೀರವನ್ನು ಎರಡರಲ್ಲೂ ನೋಡಬಹುದು. ನಾನೀಗ ಹಾಗೆಯೇ ಮಾಡುತ್ತಿದ್ದೇನೆ.